ಬಣ್ಣ ಕಳೆದುಕೊಂಡ ಹವಳ

ಹವಳ ಎಂದೊಡನೆ ನೆನಪಾಗುವುದು ಅಜ್ಜಿಯರ ಕೊರಳಿನ ಕೆಂಪು ಸರ. ಮೆಡಿಟರೇನಿಯನ್ ಸಮುದ್ರದ ಆ ಕೆಂಪು ಹವಳದಲ್ಲಿ ಬಣ್ಣವಿರುವುದು ಗಟ್ಟಿ ಅಸ್ಥಿಪಂಜರದಲ್ಲೇ. ಆದ್ದರಿಂದ ಜೀವಿ ಸತ್ತರೂ ಬಣ್ಣ ಉಳಿಯುತ್ತದೆ. ಆದರೆ ಉಷ್ಣವಲಯದ ಸಮುದ್ರಗಳಲ್ಲಿ ದಿಬ್ಬಗಳನ್ನು ಕಟ್ಟುವ ಹವಳಗಳ ಕಥೆಯೇ ಬೇರೆ. ಇವುಗಳ ಅಸ್ಥಿಪಂಜರ ಸುಣ್ಣದಂತೆ ಬಿಳುಪು. ಬಣ್ಣವೆಲ್ಲ ಅದನ್ನು ಹೊದ್ದ ತೆಳು ಮಾಂಸದಲ್ಲಿದೆ.

ಆ ಮಾಂಸದ ಜೀವಕೋಶಗಳಲ್ಲಿ ಕಂದು ಬಣ್ಣದ ಏಕಕೋಶ ಪಾಚಿಗಳು ಬಿಡಾರ ಹೂಡಿರುತ್ತವೆ. ಇವು ಬೆಳಕಿನಲ್ಲಿ ಆಹಾರ ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೆ ಕೊಡುತ್ತವೆ. ಹವಳ ಅವಕ್ಕೆ ಮನೆಯನ್ನೂ ಗೊಬ್ಬರವನ್ನೂ ಒದಗಿಸುತ್ತದೆ. ಹಸಿರು, ಗುಲಾಬಿ, ನೇರಳೆ ಬಣ್ಣಗಳು ಮಾತ್ರ ಹೆಚ್ಚಾಗಿ ಹವಳದ ಸ್ವಂತ ಪ್ರೋಟೀನುಗಳವು.

ಅಮೆರಿಕ, ಜರ್ಮನಿ ಮುಂತಾದ ದೇಶಗಳಲ್ಲಿ ಜೀವಂತ ಹವಳಗಳನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸಿಗಳಿದ್ದಾರೆ. (ಭಾರತದಲ್ಲಿ ಇಂಥ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ, ಸಮುದ್ರದಿಂದ ಕಿತ್ತು ತರುವುದು ಅಪರಾಧ.) ತೊಟ್ಟಿಯ ಹವಳ ಬಣ್ಣಗೆಟ್ಟರೆ ಅವರು ಗಾಬರಿಯಾಗುವುದು ಸಹಜ. ಆದರೆ ಸಿಕ್ಕ ಔಷಧಿ ಸುರಿಯುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಹವಳ ಕಂದಾಗಿದೆಯೋ, ಬೆಳ್ಳಗಾಗಿದೆಯೋ?

ಕಂದಾಗಿದ್ದರೆ ಪಾಚಿ ವಿಪರೀತ ಹೆಚ್ಚಿ ಹವಳದ ಸ್ವಂತ ಬಣ್ಣವನ್ನು ಮರೆಮಾಡಿದೆ ಎಂದರ್ಥ. ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಹೆಚ್ಚಾಗಿರಬಹುದು ಅಥವಾ ಬೆಳಕು ಸಾಲದಿರಬಹುದು. ಮೀನುಗಳಿಗೆ ಅತಿಯಾಗಿ ಆಹಾರ ಹಾಕಿದರೂ ಹೀಗಾಗುತ್ತದೆ.

ಬೆಳ್ಳಗಾಗಿದ್ದರೆ ಹತ್ತಿರದಿಂದ ನೋಡಬೇಕು. ಗಾಜಿನಂತೆ ಪಾರದರ್ಶಕವಾದ ಮಾಂಸ ಇನ್ನೂ ಇದ್ದರೆ ಹವಳ ಬದುಕಿದೆ. ಪಾಚಿ ಮಾತ್ರ ಹೊರಟುಹೋಗಿದೆ. ಅದೀಗ ಉಪವಾಸ ಬಿದ್ದ ಜೀವಿ, ಚೇತರಿಸಿಕೊಳ್ಳಲು ಅವಕಾಶವುಂಟು. ಮಾಂಸವೇ ಕಳಚಿ ಬರಿಯ ಅಸ್ಥಿಪಂಜರ ಕಂಡರೆ ಆ ಭಾಗ ಸತ್ತಿದೆ.

ಪಾಚಿ ಹೋಗಲು ಮುಖ್ಯ ಕಾರಣ ಬಿಸಿ. ಇಂಥ ತೊಟ್ಟಿಗಳನ್ನು ಸಾಮಾನ್ಯವಾಗಿ 24ರಿಂದ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಬಿಸಿ ಏರಿದಾಗ, ಅದರಲ್ಲೂ ಪ್ರಖರ ಬೆಳಕಿನಲ್ಲಿ, ಪಾಚಿಯ ದ್ಯುತಿಸಂಶ್ಲೇಷಣೆ ಹಳಿ ತಪ್ಪಿ ಹಾನಿಕರ ಆಮ್ಲಜನಕ ರೂಪಗಳು ಹುಟ್ಟುತ್ತವೆ. ಆಗ ಹವಳ ಪಾಚಿಯನ್ನು ಹೊರದೂಡುತ್ತದೆ. ಹೊಸ ದೀಪವನ್ನು ಒಮ್ಮೆಲೇ ಪೂರ್ಣ ಪ್ರಖರತೆಯಲ್ಲಿ ಉರಿಸಿದರೂ, ಲವಣಾಂಶ ಏರುಪೇರಾದರೂ ಇದೇ ಗತಿ. ನೀರನ್ನು ಅತಿಯಾಗಿ ಶುದ್ಧಮಾಡಿ ನೈಟ್ರೇಟ್, ಫಾಸ್ಫೇಟ್‌ಗಳನ್ನು ಪೂರ್ತಿ ತೆಗೆದರೂ ಹವಳ ಪೇಲವವಾಗುತ್ತದೆ.

ಲವಣಾಂಶದ ವಿಷಯವನ್ನು ಮಕ್ಕಳು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಕರಗಿಸಿದರೆ ಹೆಚ್ಚುಕಡಿಮೆ ಸಮುದ್ರದ ನೀರಿನಷ್ಟು ಉಪ್ಪಾಗುತ್ತದೆ. ಅದನ್ನು ಅಗಲ ತಟ್ಟೆಯಲ್ಲಿ ಬಿಸಿಲಿಗಿಡಿ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ತೊಟ್ಟಿಯಲ್ಲೂ ಹೀಗೆಯೇ. ಆದ್ದರಿಂದ ಆವಿಯಾದಷ್ಟು ಜಾಗಕ್ಕೆ ಶುದ್ಧವಾದ ಸಿಹಿನೀರನ್ನೇ ತುಂಬಬೇಕು. ಉಪ್ಪುನೀರು ಸುರಿದರೆ ಲವಣಾಂಶ ಏರುತ್ತಲೇ ಹೋಗುತ್ತದೆ.

ಹೀಗೆ ಉಷ್ಣತೆ, ಲವಣಾಂಶ, ಬೆಳಕು, ಪೋಷಕಾಂಶ ಎಂದು ಒಂದೊಂದನ್ನೂ ಅಳೆದು ಬರೆದಿಡಬೇಕು. ಬಳಿಕ ತಪ್ಪಿರುವುದನ್ನು ಮಾತ್ರ ನಿಧಾನವಾಗಿ ಸರಿಪಡಿಸಬೇಕು. ಒಂದೇ ದಿನ ನಾಲ್ಕನ್ನೂ ಬದಲಿಸಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂದು ಯಾರಿಗೂ ತಿಳಿಯದು. ಪ್ರಯೋಗಶಾಲೆಯ ಪಾಠವೂ ಇದೇ ಅಲ್ಲವೇ?

ತೊಟ್ಟಿಯ ನೀರು ಬಿಸಿಯಾದರೆ ತಣಿಸುವ ಯಂತ್ರವಿದೆ. ಸಮುದ್ರಕ್ಕೆ ಅದಿಲ್ಲ. ಬೇಸಿಗೆಯ ವಾಡಿಕೆಯ ಗರಿಷ್ಠ ಉಷ್ಣತೆಗಿಂತ ಒಂದೇ ಡಿಗ್ರಿ ಹೆಚ್ಚಿ ಕೆಲವು ವಾರ ನಿಂತರೂ ಹವಳಗಳು ಬಿಳುಚಿಕೊಳ್ಳುತ್ತವೆ. 1998ರಲ್ಲಿ ಲಕ್ಷದ್ವೀಪದಲ್ಲಿ ಹೀಗಾಯಿತು. ಜಗತ್ತಿನಾದ್ಯಂತ ನಾಲ್ಕನೆಯ ಬಾರಿ ಹವಳಗಳು ಬಿಳುಚುತ್ತಿವೆ ಎಂದು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಘೋಷಿಸಿದರು. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಅಲ್ಲಿ ಥರ್ಮಾಮೀಟರ್ ಇಟ್ಟು ಅಳೆಯಬಹುದು. ಆದರೆ ಏರಿದ ಬಿಸಿಯನ್ನು ಇಳಿಸುವ ಗುಂಡಿ ಯಾರ ಕೈಯಲ್ಲೂ ಇಲ್ಲ. ಏರದಂತೆ ನೋಡಿಕೊಳ್ಳುವುದೊಂದೇ ದಾರಿ.