ಮುದಿನಾಯಿಯ ಋಣ



ಸಾಕಿದ ನಾಯಿ ತೀರಿಕೊಂಡರೆ ಎಷ್ಟು ದಿನಕ್ಕೆ ಮತ್ತೊಂದು ಮರಿಯನ್ನು ತರಬಹುದೆಂದು ಧಾರವಾಡದ ಕಡೆಯ ತಾಯಿಯೊಬ್ಬರು ಕೇಳಿದ್ದಾರೆ. 12 ವರ್ಷ ಅಂಗಳ ಕಾಯ್ದ ಅವರ ನಾಯಿಗೆ ಈಗ ಕಣ್ಣು ಮಂಜಾಗಿದೆ, ಹಿಂಗಾಲು ಏಳದು. ಅದು ಹೋದೊಡನೆ ಮರಿಯೊಂದನ್ನು ತಂದು ಮಕ್ಕಳ ದುಃಖ ಮರೆಸೋಣವೆಂಬುದು ಯಜಮಾನರ ಇಂಗಿತವಂತೆ. ಇನ್ನೂ ಉಸಿರಾಡುತ್ತಿರುವ ಜೀವದ ಮುಂದೆ ಈ ಮಾತೇಕೆ?

ನಾಯಿ ಸತ್ತರೆ ಅಳುವುದು ಪಟ್ಟಣಿಗರ ಷೋಕಿಯೆಂದು ಹಗುರವಾಗಿ ನುಡಿಯುವ ಹಿರಿಯರೂ ಇದ್ದಾರೆ. ಅಂಥವರು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರು ಶಾಸನವನ್ನು ನೋಡಬೇಕು. ಮಂಡ್ಯ ಜಿಲ್ಲೆಯ ಈ ಕಲ್ಲು ಕ್ರಿ.ಶ. 949-50ರದು. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗನು ಬೇಕಾದುದನ್ನು ಬೇಡಿಕೊಳ್ಳೆಂದಾಗ, ಆ ವೀರನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದನು. ಮುಂದೆ ಅದು ದೊಡ್ಡ ಹಂದಿಯೊಡನೆ ಸೆಣಸಿ, ಎರಡೂ ಮಡಿದವು. ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಗೊರವನು ಉಣ್ಣಬಾರದೆಂದು ಕಟ್ಟಳೆ ಮಾಡಿದರು. ಕತ್ತಿ ಹಿಡಿದವನೇ ನಾಯಿಗಾಗಿ ಕಲ್ಲು ನೆಡಿಸಿರುವಾಗ ನಮ್ಮ ಮಕ್ಕಳು ನಾಲ್ಕು ದಿನ ಅತ್ತರೆ ಅದು ದೊಡ್ಡದೇ?

ಕಾಳಿಗೆ ಮುಪ್ಪು ಬರಲಿಲ್ಲ. ನಮ್ಮ ಮನೆಯ ನಾಯಿಗಳಿಗೆ ಬರುತ್ತದೆ. ದೊಡ್ಡ ಗಾತ್ರದವಕ್ಕೆ 7-8ನೆಯ ವರ್ಷದಲ್ಲೇ ಅದರ ಆರಂಭ. ನುಣುಪು ನೆಲದ ಮೇಲೆ ಅವುಗಳ ಕಾಲು ಜಾರುತ್ತದೆ, ಹಳೆಯ ಕೌದಿಯನ್ನು ಹಾಸಿರಿ. ಊಟವನ್ನು ಮೆತ್ತಗೆ ಮಾಡಿ, ಸ್ವಲ್ಪಸ್ವಲ್ಪವಾಗಿ ಇಕ್ಕಿರಿ. ಒಳಗೇ ಮೂತ್ರ ಮಾಡಿತೆಂದು ಗದರಬೇಡಿರಿ. ಅದು ತುಂಟತನವಲ್ಲ, ಅಶಕ್ತಿ. ಕನಿಕರದಿಂದಲೇ ಕೇಡು ಮಾಡುವುದೂ ಉಂಟು: ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು, ಉಳ್ಳಾಗಡ್ಡಿ ರಕ್ತಕ್ಕೆ ವಿಷ. ಮನುಷ್ಯರ ನೋವಿನ ಗುಳಿಗೆಯನ್ನಂತೂ ಪಶುವೈದ್ಯರನ್ನು ಕೇಳದೆ ಕೊಡಲೇಬಾರದು.

ವಾಸಿಯಾಗದ ಯಾತನೆಯಲ್ಲಿ ನರಳುವ ಪ್ರಾಣಿಗೆ ವೈದ್ಯರು ಸೂಜಿಮದ್ದಿನಿಂದ ನಿದ್ರೆಯಲ್ಲೇ ಮರಣ ಕೊಡುವುದುಂಟು. ಅದನ್ನು ಕೊಲೆಯೆಂದು ನಾನು ಹಳಿಯಲಾರೆ. ಆದರೆ ಕೊನೆಗಾಣಿಸಲು ಹೊರಟಿರುವುದು ನಾಯಿಯ ಸಂಕಟವನ್ನೋ, ಆರೈಕೆಯ ನಮ್ಮ ಬೇಸರವನ್ನೋ ಎಂದು ಮನೆಯವರೆಲ್ಲ ಕುಳಿತು ವಿಚಾರಿಸದೆ ಆ ಬಾಗಿಲಿಗೆ ಹೋಗಬಾರದು. ನಿರ್ಧರಿಸಿದರೆ ಪರಿಚಿತ ಕೈಯೊಂದು ಅದರ ತಲೆಯ ಮೇಲಿರಲಿ.

ನಾಯಿ ಎಲ್ಲಿಯೋ ಓಡಿಹೋಯಿತೆಂದು ಮಕ್ಕಳಿಗೆ ಸುಳ್ಳು ಹೇಳುವವರಿದ್ದಾರೆ. ಆ ಮಗು ದಿನವೂ ಬಾಗಿಲು ನೋಡುತ್ತ ಕೂರುವುದಿಲ್ಲವೇ? ಸತ್ತಿತೆಂದೇ ಹೇಳಿರಿ. ಬಾವಿಯಿಂದ ದೂರದಲ್ಲಿ ಆಳವಾಗಿ ಕುಣಿ ತೋಡಿ ಹೂಳುವಾಗ, ಬಯಸಿದರೆ ಒಂದು ಹಿಡಿ ಮಣ್ಣು ಹಾಕಲು ಮಕ್ಕಳನ್ನೂ ಬಿಡಿರಿ.

ಇನ್ನು ಆ ತಾಯಿಯವರ ಪ್ರಶ್ನೆ. ದಿನಗಳ ಲೆಕ್ಕ ಇದಕ್ಕಿಲ್ಲ. ಹಳೆಯದರ ತಟ್ಟೆಯನ್ನು ಕಂಡಾಗ ಕಣ್ಣೀರಿಗಿಂತ ಮೊದಲು ಅದರ ಆಟಗಳ ಮಾತು ಬಾಯಿಗೆ ಬರತೊಡಗಿದಾಗ ಮರಿಯ ವಿಚಾರ ಮಾಡಬಹುದು. ಬೆಲೆಬಾಳುವ ತಳಿಯೇ ಆಗಬೇಕೆಂದಿಲ್ಲ. ಓಣಿಯ ನಾಯಿಯ ಮರಿಯೂ ಮನೆ ಕಾಯುತ್ತದೆ. 8 ವಾರ ತುಂಬುವ ಮುನ್ನ ತಾಯಿಯಿಂದ ಅಗಲಿಸಬೇಡಿರಿ. ಜಂತುನಾಶಕ ಔಷಧಿ, ಲಸಿಕೆಗಳು, 3 ತಿಂಗಳಿಗೆ ರೇಬೀಸ್ ಲಸಿಕೆ ತಪ್ಪದಿರಲಿ. ಹಳೆಯ ಹೆಸರನ್ನು ಅದಕ್ಕೆ ಇಡಬೇಡಿರಿ. ಅದು ಚಪ್ಪಲಿ ಕಚ್ಚಿದಾಗ, ಹಿಂದಿನದು ಹೀಗಿರಲಿಲ್ಲವೆಂದು ಯಜಮಾನರು ಖಂಡಿತ ಗೊಣಗುವರು. ಹಿಂದಿನದೂ ಮರಿಯಾಗಿದ್ದಾಗ ಎಷ್ಟು ಚಪ್ಪಲಿ ಕಚ್ಚಿತ್ತೆಂಬುದನ್ನು ಆಗ ತಾಯಿಯವರೇ ನೆನಪಿಸಬೇಕು.