ಕಾಲೆತ್ತಿದರೂ ಉರಿಯುವ ಪೆಟ್ರೋಲು

ಬೆಂಗಳೂರಿನ ಉತ್ತರದಂಚಿನಲ್ಲಿ, ಯಲಹಂಕಕ್ಕೆ ಹೊಂದಿಕೊಂಡಿರುವ ಅಲ್ಲಾಳಸಂದ್ರ ಮೂಲತಃ ಕೆರೆಯ ಊರು. ಹೆಸರಿನ ಕೊನೆಯಲ್ಲಿರುವ ‘ಸಂದ್ರ’ವೆಂದರೆ ಸಮುದ್ರ, ಹಿಂದಿನವರು ದೊಡ್ಡ ಕೆರೆಯನ್ನು ಹಾಗೆಯೇ ಕರೆಯುತ್ತಿದ್ದರು. ಕೆರೆ ಈಗಲೂ ಉಳಿದಿದೆ. ಸನಿಹದಲ್ಲೇ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಹೊಲಗಳಿವೆ. ಇವೆರಡರ ಪಕ್ಕದಲ್ಲೇ ಬಳ್ಳಾರಿ ರಸ್ತೆ ಹಾದುಹೋಗುತ್ತದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಆ ರಸ್ತೆ ಅಗಲವಾಯಿತು, ಮೇಲ್ಸೇತುವೆಗಳನ್ನು ಕಂಡಿತು, ರಾತ್ರಿ ಹೊತ್ತಿನಲ್ಲಿ ವೇಗದ ಹುಚ್ಚಿಗೆ ಬಯಲಾಯಿತು. ಮಧ್ಯರಾತ್ರಿಯ ನಂತರ ಅಲ್ಲಿ ಒಮ್ಮೊಮ್ಮೆ ಕೇಳುವ ಸದ್ದು ಮಲೆನಾಡಿನವರಿಗೆ ಹೊಸದಲ್ಲ; ತೋಟಕ್ಕೆ ನುಗ್ಗಿದ ಹಂದಿಯನ್ನು ಬೆದರಿಸಲು ಸಿಡಿಸುವ ಗರ್ನಾಲಿನಂತೆಯೇ ಇರುತ್ತದೆ. ಸಿಡಿಯುವುದು ಮಾತ್ರ ಕಾರಿನ ಹೊಗೆಕೊಳವೆಯಲ್ಲಿ.

ಈ ಸದ್ದಿನ ಹಿಂದಿರುವ ತಂತ್ರಕ್ಕೆ ‘ಆ್ಯಂಟಿ-ಲ್ಯಾಗ್’ ಎಂದು ಹೆಸರು. ಟರ್ಬೊ ಎಂಬುದು ಕಮ್ಮಾರನ ತಿದಿಯಂತೆ ಎಂಜಿನ್ನಿಗೆ ಗಾಳಿಯೂದುವ ಸಾಧನ. ಆದರೆ ಈ ತಿದಿಯನ್ನು ನಡೆಸುವುದು ಎಂಜಿನ್ ಹೊರಹಾಕುವ ಬಿಸಿ ಹೊಗೆಯೇ. ಹೊಗೆಯ ಹೊಡೆತಕ್ಕೆ ಒಂದು ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿದ ಸುತ್ತು ತಿರುಗುತ್ತದೆ; ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಒಳಗೆ ತಳ್ಳುತ್ತದೆ. ಚಾಲಕ ಆಕ್ಸಿಲರೇಟರಿನಿಂದ ಕಾಲೆತ್ತಿದಾಗ ಹೊಗೆ ಕಡಿಮೆಯಾಗಿ ಚಕ್ರದ ವೇಗ ಇಳಿಯುತ್ತದೆ. ಮತ್ತೆ ಒತ್ತಿದರೆ ಚಕ್ರ ವೇಗ ಪಡೆಯುವವರೆಗೆ ಕ್ಷಣಕಾಲ ಕಾರಿಗೆ ಕಸುವಿರುವುದಿಲ್ಲ. ಈ ವಿಳಂಬವೇ ಲ್ಯಾಗ್. ಇದನ್ನು ತಪ್ಪಿಸಲು ಕಾಲೆತ್ತಿದಾಗಲೂ ಗಾಳಿಯ ಬಾಗಿಲನ್ನು ತುಸು ತೆರೆದಿಟ್ಟು, ಪೆಟ್ರೋಲನ್ನು ಸಿಂಪಡಿಸುತ್ತಲೇ ಇದ್ದು, ಕಿಡಿಯನ್ನು ಬೇಕೆಂದೇ ಬಹಳ ತಡವಾಗಿ ಹೊತ್ತಿಸಲಾಗುತ್ತದೆ. ಸಿಲಿಂಡರಿನೊಳಗೆ ಉರಿಯಬೇಕಾದ ಇಂಧನ ಹೊರಗಿನ ಕೊಳವೆಯಲ್ಲಿ ಸಿಡಿದು ಟರ್ಬೊ ಚಕ್ರವನ್ನು ತಿರುಗಿಸುತ್ತಿರುತ್ತದೆ. ಬಂದೂಕಿನಂಥ ಸದ್ದೂ ಬೆಂಕಿಯ ನಾಲಗೆಯೂ ಇದರ ಫಲ.

ಇದನ್ನು ಕಂಡುಹಿಡಿದವರು ಪೋಕರಿಗಳಲ್ಲ. 1990ರ ದಶಕದ ವಿಶ್ವ ರ‍್ಯಾಲಿಗಳಲ್ಲಿ ಟೊಯೊಟಾ ಸೆಲಿಕಾ, ಮಿತ್ಸುಬಿಷಿ ಲ್ಯಾನ್ಸರ್, ಸುಬಾರು ಇಂಪ್ರೆಜಾ ತಂಡಗಳ ಎಂಜಿನಿಯರರು ಇದನ್ನು ಹದಗೊಳಿಸಿದರು. ಟರ್ಬೊಗೆ ಹೋಗುವ ಗಾಳಿಯ ದಾರಿ 34 ಮಿಲಿಮೀಟರಿಗಿಂತ ಅಗಲವಿರಬಾರದೆಂಬ ನಿಯಮ 1995ರಲ್ಲಿ ಬಂದಿತು; ಗರಿಷ್ಠ ಶಕ್ತಿಗೆ ಮಿತಿ ಬಿದ್ದಾಗ ತಿರುವಿನಿಂದ ಹೊರಬರುವ ಕ್ಷಣದ ಚುರುಕಿಗೆ ಬೆಲೆ ಹೆಚ್ಚಿತು. ಮಲೆನಾಡಿಗೂ ಈ ಸದ್ದಿನ ಪರಿಚಯವಿದೆ. ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿ ನಡೆದಿದೆ. 2013, 2016 ಮತ್ತು 2017ರಲ್ಲಿ ಆ ಸರಣಿಯ ಚಾಂಪಿಯನ್ ಆದ ಗೌರವ್ ಗಿಲ್ ಇಲ್ಲಿಯೂ ಕಾರೋಡಿಸಿದವರು. ಆ ದಿನಗಳಲ್ಲಿ ದಾರಿಯನ್ನು ಮುಚ್ಚಲಾಗುತ್ತಿತ್ತು, ಊರಿಗೆ ಮುನ್ಸೂಚನೆ ಇರುತ್ತಿತ್ತು, ಸಂಜೆಯ ಹೊತ್ತಿಗೆ ಎಲ್ಲ ಮುಗಿಯುತ್ತಿತ್ತು. ತೋಟದ ದೂಳು ಕಾಫಿ ಗಿಡದ ಮೇಲೆ ಕೂರುವುದರ ಬಗ್ಗೆ ತಕರಾರು ಎತ್ತಬಹುದಾದರೂ ಅದೊಂದು ಕ್ರೀಡೆ ಎಂಬುದನ್ನು ಅಲ್ಲಗಳೆಯಲಾಗದು.

ಸಾರ್ವಜನಿಕ ರಸ್ತೆಯಲ್ಲಿ ಈಗ ಕೇಳುತ್ತಿರುವುದರಲ್ಲಿ ಬಹುಪಾಲು ನಿಜವಾದ ಆ್ಯಂಟಿ-ಲ್ಯಾಗ್ ಕೂಡ ಅಲ್ಲ, ಅದರ ಅಣಕ. ಎಂಜಿನ್ನಿನ ಕಂಪ್ಯೂಟರಿನ ಲೆಕ್ಕಾಚಾರವನ್ನು ತಿದ್ದಿ, ಕಾಲೆತ್ತಿದಾಗ ಒಂದಿಷ್ಟು ಪೆಟ್ರೋಲು ಕೊಳವೆಯಲ್ಲಿ ಸಿಡಿಯುವಂತೆ ಮಾಡಿಕೊಡುವ ಅಂಗಡಿಗಳು ನಗರದಲ್ಲಿವೆ. ಟರ್ಬೊ ಇಲ್ಲದ ಕಾರಿಗೂ ಇದನ್ನು ಮಾಡಿಕೊಡುತ್ತಾರೆ. ಅಂದರೆ ಪಂದ್ಯದ ಕಾರಿಗೆ ದೊರೆಯುತ್ತಿದ್ದ ಪ್ರಯೋಜನ ಬಿಟ್ಟುಹೋಗಿ ಸದ್ದು ಮಾತ್ರ ಉಳಿಯಿತು. 2026ರ ಜನವರಿಯಲ್ಲಿ ಉತ್ತರ ಬೆಂಗಳೂರಿನ ರಸ್ತೆಯಲ್ಲಿ ಕೊಳವೆಯಿಂದ ಬೆಂಕಿಯುಗುಳುತ್ತಿದ್ದ ಹಳೆಯ ಹೋಂಡಾ ಸಿಟಿ ಕಾರೊಂದಕ್ಕೆ ಯಲಹಂಕ ಪ್ರಾದೇಶಿಕ ಸಾರಿಗೆ ಕಚೇರಿ ಸುಮಾರು 1.11 ಲಕ್ಷ ರೂಪಾಯಿ ದಂಡ ವಿಧಿಸಿತು. ಅದರ ಒಡೆಯ ಒಬ್ಬ ವಿದ್ಯಾರ್ಥಿ.

ವಿಪರ್ಯಾಸವೆಂದರೆ, ಇಂದಿನ ಸಣ್ಣ ಕಾರುಗಳಿಗೆ ಟರ್ಬೊ ಬಂದದ್ದು ಉಳಿತಾಯಕ್ಕಾಗಿ. ಚಿಕ್ಕ ಎಂಜಿನ್ನಿನಿಂದ ದೊಡ್ಡದರ ಕೆಲಸ ತೆಗೆಯುವುದು ಅದರ ಉದ್ದೇಶ. ಘಟ್ಟ ಇಳಿಯುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಈಗಿನ ಪೆಟ್ರೋಲ್ ಕಾರನ್ನು ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿಸಿದರೆ ಕಂಪ್ಯೂಟರು ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ; ಚಾರ್ಮಾಡಿಯ ಇಳಿಜಾರಿನಲ್ಲಿ ಅಷ್ಟು ಹೊತ್ತು ಒಂದು ಹನಿಯೂ ಉರಿಯುವುದಿಲ್ಲ. ಆ ಹನಿಯನ್ನೇ ಸಿಡಿಸಿ ಸದ್ದು ಮಾಡುವುದು ಈ ತಂತ್ರ. ನಿಜವಾದ ಆ್ಯಂಟಿ-ಲ್ಯಾಗ್ ಆದರೆ ಗಾಳಿಯ ಬಾಗಿಲು ತೆರೆದೇ ಇರುವುದರಿಂದ ಎಂಜಿನ್ ಗಾಡಿಯನ್ನು ಹಿಡಿದಿಡುವ ಬಲವೂ ಕುಗ್ಗುತ್ತದೆ. ತಿರುವಿನ ಮೇಲೆ ತಿರುವಿರುವ ದಾರಿಯಲ್ಲಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ಕೊಳವೆಯೊಳಗಿನ ಉಷ್ಣ 1,000 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಪಂದ್ಯದ ತಂಡಗಳು ಸವೆದ ಟರ್ಬೊವನ್ನು ಆಗಾಗ ಬದಲಿಸುತ್ತವೆ, ಅದು ಅವರ ಖರ್ಚು. ಬೀದಿಯ ಕಾರಿನಲ್ಲಿ ಮೊದಲು ಹಾಳಾಗುವುದು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಅದರ ಜೇನುಗೂಡು ಅಂಥ ಬೆಂಕಿಗೆ ಕರಗಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಅದನ್ನು ಮೊದಲೇ ಕಳಚಿ ಬರಿಯ ಕೊಳವೆ ಜೋಡಿಸುವುದುಂಟು. ಅಲ್ಲಿಗೆ 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್-6 ಮಾನದಂಡ ಆ ಕಾರಿನ ಮಟ್ಟಿಗೆ ಕಾಗದದ ಮೇಲಷ್ಟೇ ಉಳಿಯುತ್ತದೆ. ಸುಡದ ಹೈಡ್ರೊಕಾರ್ಬನ್, ಬೆಂಜೀನ್, ಕಾರ್ಬನ್ ಮೊನಾಕ್ಸೈಡ್ ನೇರವಾಗಿ ಗಾಳಿಗೆ ಸೇರುತ್ತವೆ. ಹೈಡ್ರೊಕಾರ್ಬನ್ನುಗಳು ನೈಟ್ರೊಜನ್ ಆಕ್ಸೈಡಿನೊಡನೆ ಬಿಸಿಲಿನಲ್ಲಿ ಕೂಡಿದಾಗ ನೆಲಮಟ್ಟದ ಓಜೋನ್ ಹುಟ್ಟುತ್ತದೆ. ಎಲೆಯ ಉಸಿರುರಂಧ್ರಗಳ ಮೂಲಕ ಒಳಹೊಕ್ಕು ಹುರುಳಿಕಾಯಿ, ಸೋಯಾ, ಗೋಧಿಗಳ ಇಳುವರಿ ಕುಗ್ಗಿಸುವ ಅನಿಲವಿದು. ಕೆಲವೇ ಕಾರುಗಳಿಂದ ಬೆಳೆ ನಾಶವಾಗುತ್ತದೆಂದು ಹೇಳುವುದು ಉತ್ಪ್ರೇಕ್ಷೆಯಾದೀತು. ಆದರೆ ಉಳಿದ ಕಾರುಗಳ ಕೊಳವೆಯಲ್ಲಿ ತಡೆಯುವುದನ್ನು ಇಂಥ ಕಾರು ನೇರವಾಗಿ ಹೊರಗೆ ಬಿಡುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು.

ಶಬ್ದದ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ತಯಾರಕರ ವಿನ್ಯಾಸವನ್ನು ಮನಬಂದಂತೆ ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ನಂತರ ಅಂಥ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ವಿಧಿಸಬಹುದು. ಶಬ್ದ ಹಾಗೂ ವಾಯುಮಾಲಿನ್ಯದ ಉಲ್ಲಂಘನೆಗೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡವುಂಟು. ತೊಡಕಿರುವುದು ಪರೀಕ್ಷೆಯಲ್ಲಿ. ಹೊಗೆ ತಪಾಸಣೆಯವರು ಪೆಟ್ರೋಲ್ ಕಾರನ್ನು ನಿಲ್ಲಿಸಿಕೊಂಡು, ಭಾರವಿಲ್ಲದೆ ಓಡುವ ಎಂಜಿನ್ನಿನ ಹೊಗೆಯನ್ನು ಅಳೆಯುತ್ತಾರೆ. ಸಿಡಿತವೋ ವೇಗವಾಗಿ ಓಡುತ್ತ ಕಾಲೆತ್ತಿದಾಗ ಮಾತ್ರ ಆಗುವಂಥದು. ಕೆಲವು ಕಾರುಗಳಲ್ಲಿ ಒಂದು ಗುಂಡಿ ಒತ್ತಿ ಅದನ್ನು ಅಡಗಿಸಲೂಬಹುದು. ಪ್ರಮಾಣಪತ್ರ ಸಿಗದೆ ಹೋದರಷ್ಟೇ ಆಶ್ಚರ್ಯ!

ಇನ್ನು ಮಲೆಯ ಮಾತು. ಅಲ್ಲಾಳಸಂದ್ರದ ಗೇಟು ದಾಟಿದ ಕಾರು ನಂದಿಬೆಟ್ಟಕ್ಕೆ ಹೋಗುತ್ತದೆ. ಅಂಥವೇ ಕಾರುಗಳು ವಾರದ ಕೊನೆಗೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕುದುರೆಮುಖದ ದಾರಿ ಹಿಡಿಯುತ್ತವೆ. ಸಕಲೇಶಪುರ, ಆಲೂರು ಸೀಮೆಯ ರೈತರು ಅನುಭವದಿಂದ ಬಲ್ಲಂತೆ ಆನೆ ಮೊದಲ ಪಟಾಕಿಗೆ ಬೆದರುತ್ತದೆ, ಹತ್ತನೆಯದಕ್ಕೆ ಕಿವಿ ನಿಮಿರಿಸುತ್ತದೆ, ಆಮೇಲೆ ಗದ್ದೆಯಿಂದ ಕದಲುವುದೇ ಇಲ್ಲ. ಹಾನಿಯಿಲ್ಲದ ಸದ್ದನ್ನು ಪ್ರಾಣಿ ಬೇಗ ಕಲಿಯುತ್ತದೆ. ಶನಿವಾರ, ಭಾನುವಾರ ಕಾಡಿನಂಚಿನ ರಸ್ತೆಯಲ್ಲಿ ಗುಂಡಿನಂಥ ಸದ್ದು ಪುಕ್ಕಟೆಯಾಗಿ ಕೇಳುತ್ತಿದ್ದರೆ, ಸೋಮವಾರ ರಾತ್ರಿ ಭತ್ತ ಕಾಯುವವನ ಕೈಲಿರುವ ಗರ್ನಾಲಿಗೆ ಏನು ಬೆಲೆ? ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ರಸ್ತೆಯಂಚಿನ ಹುಲ್ಲು ಒಣಗಿ ನಿಂತಿರುವಾಗ ಬೆಂಕಿಯುಗುಳುವ ಕೊಳವೆಯನ್ನು ಅದರ ಪಕ್ಕ ನಿಲ್ಲಿಸುವ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೆಂಕಿರೇಖೆ ಕಡಿದ ಕೈಗಳು ಅದನ್ನು ಬಲ್ಲವು.

ಯಂತ್ರದ ಬಗ್ಗೆ ಆಸೆಯಿರುವ ವಿದ್ಯಾರ್ಥಿಯನ್ನು ಹಳಿಯುವುದು ಸುಲಭ. ಅವನಿಗೆ ಪಂದ್ಯದ ಮೈದಾನಗಳಿವೆ, ಪರವಾನಗಿ ಕೊಡುವ ಕ್ಲಬ್ಬುಗಳಿವೆ. ಖರ್ಚು ಹೆಚ್ಚು ಎಂಬುದೂ ನಿಜ. ಆದರೆ ಕನ್ವರ್ಟರ್ ಕಳಚಿ ಕಂಪ್ಯೂಟರ್ ತಿದ್ದಿ ಹಣ ಎಣಿಸಿಕೊಂಡ ಅಂಗಡಿಯವನ ಮೇಲೆ ದಂಡ ಬಿದ್ದ ಸುದ್ದಿ ಅಪರೂಪ. ಸಾರಿಗೆ ಇಲಾಖೆ ವಿದ್ಯಾರ್ಥಿಯ ಕಾರನ್ನು ಹಿಡಿದಾಗ ಅದನ್ನು ಮಾರ್ಪಡಿಸಿದವನ ರಸೀದಿಯನ್ನೂ ಕೇಳಬೇಕು.

ಗಿರಿಶ್ರೇಣಿಗೆ ಬರುವ ವಾಹನಗಳಿಗೆ 2025ರ ಸೆಪ್ಟೆಂಬರಿನಿಂದ ಚಿಕ್ಕಮಗಳೂರು ಜಿಲ್ಲಾಡಳಿತ ಮುಂಗಡ ನೋಂದಣಿಯನ್ನು ಕಡ್ಡಾಯ ಮಾಡಿತು. ಪ್ರವಾಸಿ ವಾಹನಗಳನ್ನು ಕೈಮರದಲ್ಲಿ ಹೇಗೂ ತಡೆದು ನೋಡುತ್ತಾರೆ. ಅಲ್ಲಿಗೊಂದು ಶಬ್ದಮಾಪಕ ಕೊಟ್ಟು, ಬದಲಾಯಿಸಿದ ಕೊಳವೆಯ ಕಾರನ್ನು ಅಲ್ಲಿಂದಲೇ ಹಿಂದಕ್ಕೆ ಕಳಿಸುವ ಅಧಿಕಾರವನ್ನು ಸಿಬ್ಬಂದಿಗೆ ನೀಡಬೇಕೆಂಬ ಬೇಡಿಕೆಯನ್ನು ಗ್ರಾಮಸಭೆಗಳು ನಿರ್ಣಯ ಮಾಡಿ ಜಿಲ್ಲಾಧಿಕಾರಿಗಳಿಗೆ ಕಳುಹಿಸಬಹುದು. ಕಾರಿನ ಹಿಂದೆ ಬಗ್ಗಿ ಕೊಳವೆಯನ್ನು ನೋಡಲು ಅರ್ಧ ನಿಮಿಷ ಸಾಕು.