ಹಾಸಿನಲ್ಲಿ ಅಡಗಿದ ರೇಷ್ಮೆ

‘ಹಾಸುಹೊಕ್ಕು’ ಎಂಬ ಮಾತು ಹುಟ್ಟಿದ್ದು ಮಗ್ಗದ ಮೇಲೆ. ಉದ್ದಕ್ಕೆ ಬಿಗಿದು ಕಟ್ಟಿದ ಎಳೆಗಳು ಹಾಸು. ಅಡ್ಡಲಾಗಿ ಓಡುವ ಎಳೆ ಹೊಕ್ಕು. ದೊಡ್ಡಬಳ್ಳಾಪುರದ ನೇಕಾರರ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಹಾಸಿಗೆ ರೇಷ್ಮೆಯೇ ಏಕೆ ಎಂದು ಕೇಳಿದರೆ?

ಇದಕ್ಕೆ ಒಳ್ಳೆಯ ಉತ್ತರ ಇರುವುದು ಒಂದು ರತ್ನಗಂಬಳಿಯಲ್ಲಿ. ಇರಾನಿನಲ್ಲಿ 1539–40ರಲ್ಲಿ ಸಿದ್ಧವಾದ ಅರ್ದಬಿಲ್ ರತ್ನಗಂಬಳಿ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಮೇಲೆ ಕಾಣುವ ಬಣ್ಣದ ಗಂಟುಗಳು ಉಣ್ಣೆಯವು. ಕೆಳಗಿನ ಹಾಸು, ಹೊಕ್ಕು ಎರಡೂ ರೇಷ್ಮೆ. ಒಂದು ಚದರ ಅಂಗುಲದಲ್ಲಿ ಸುಮಾರು 340 ಗಂಟುಗಳಿವೆ. ಅಂದರೆ ಒಂದು ಅಂಗುಲದ ಸಾಲಿನಲ್ಲಿ ಸರಿಸುಮಾರು 18. ಪ್ರತಿ ಗಂಟೂ ಎರಡು ಹಾಸಿನ ಎಳೆಗಳನ್ನು ಹಿಡಿಯುವುದರಿಂದ ಅಂಗುಲಕ್ಕೆ 36 ಎಳೆ ಬೇಕು. ಎಳೆ ಅಷ್ಟು ಸಣ್ಣಗಿರಬೇಕು, ಬಿಗಿದರೂ ತುಂಡಾಗಬಾರದು.

ಹತ್ತಿ, ಉಣ್ಣೆಗಳ ನಾರು ಗಿಡ್ಡ. ಹಲವು ನಾರುಗಳನ್ನು ಸೇರಿಸಿ ಹುರಿ ಮಾಡಿದರೇ ನೂಲು. ರೇಷ್ಮೆ ಹಾಗಲ್ಲ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಮಾರುಕಟ್ಟೆಗೆ ಬರುವ ಒಂದೊಂದು ಗೂಡಿನಲ್ಲೂ ನೂರಾರು ಮೀಟರ್ ಉದ್ದದ ಒಂದೇ ಎಳೆ ಇರುತ್ತದೆ. ಅದರ ತಿರುಳು ಫೈಬ್ರಾಯಿನ್ ಎಂಬ ಪ್ರೋಟೀನು. ಇದರ ಅಣುಸರಪಳಿಗಳು ಒತ್ತೊತ್ತಾಗಿ ಒಂದೇ ದಿಕ್ಕಿಗೆ ಮಲಗಿ ಪರಸ್ಪರ ಬಿಗಿದುಕೊಂಡಿರುತ್ತವೆ. ಬಲದ ಗುಟ್ಟು ಅದೇ. ಹೊರಗಿನ ಅಂಟು ಸೆರಿಸಿನ್. ಸೋಪಿನ ನೀರಿನಲ್ಲಿ ಕುದಿಸಿ ಅದನ್ನು ತೆಗೆದರೆ ಹೊಳಪು ಹೊರಬರುತ್ತದೆ. ಅಡ್ಡಕ್ಕೆ ಕೊಯ್ದು ನೋಡಿದರೆ ಫೈಬ್ರಾಯಿನ್ ಎಳೆ ಹೆಚ್ಚುಕಡಿಮೆ ತ್ರಿಕೋನಾಕಾರ; ಬೆಳಕು ಅದರ ಮುಖಗಳಿಂದ ಚಿಮ್ಮುತ್ತದೆ. ಈ ಹೊಳಪಿಗಾಗಿಯೇ ಕೆಲವು ರತ್ನಗಂಬಳಿಗಳಲ್ಲಿ ಮೇಲಿನ ಗಂಟುಗಳಿಗೂ ರೇಷ್ಮೆ ಬಳಸುತ್ತಾರೆ.

ಹೊಳಪನ್ನು ಅನುಕರಿಸುವುದು ಕಷ್ಟವಲ್ಲ. ‘ಆರ್ಟ್ ಸಿಲ್ಕ್’ ಎಂಬ ಹೆಸರಿನಲ್ಲಿ ‘ಆರ್ಟ್’ ಎಂದರೆ ಕಲೆಯಲ್ಲ, ಕೃತಕ ಎಂಬುದರ ಇಂಗ್ಲಿಷ್ ಪದದ ಮೊಟಕು ರೂಪ. ಕೃತಕ ರೇಷ್ಮೆ ನೇಯುವುದು ತಪ್ಪಲ್ಲ. ಅದನ್ನು ಅಪ್ಪಟವೆಂದು ಮಾರುವುದು ತಪ್ಪು. ಮಗಳ ಮದುವೆಗೆ ಸಾಲ ಮಾಡಿ ಸೀರೆ ಕೊಳ್ಳುವ ತಂದೆಗೂ, ಅಪ್ಪಟ ರೇಷ್ಮೆಯನ್ನೇ ನೇಯುವ ನೇಕಾರನಿಗೂ ಅದರಿಂದ ನಷ್ಟ.

ಮಕ್ಕಳು ಹಿರಿಯರ ಎದುರಿನಲ್ಲಿ ಒಂದು ಪರೀಕ್ಷೆ ಮಾಡಬಹುದು. ಸೆರಗಿನ ಅಂಚಿನಿಂದ ಹಾಸಿನ ಒಂದು ಎಳೆ, ಹೊಕ್ಕಿನ ಒಂದು ಎಳೆ ತೆಗೆದು, ನೀರು ತುಂಬಿದ ತಟ್ಟೆಯ ಮೇಲೆ ಚಿಮಟದಲ್ಲಿ ಹಿಡಿದು ಬೇರೆಬೇರೆಯಾಗಿ ಸುಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಉಳಿದ ಕರಿಯನ್ನು ಬೆರಳಲ್ಲಿ ಒತ್ತಿದರೆ ಪುಡಿಪುಡಿ. ರೇಯಾನ್ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಉಣ್ಣೆಯ ವಾಸನೆಯೂ ಕೂದಲಿನದೇ, ಏಕೆಂದರೆ ಅದೂ ಪ್ರೋಟೀನು. ಆದರೆ ಅದರ ಒರಟುತನ ಕೈಗೇ ತಿಳಿಯುತ್ತದೆ.

ಅಂಗಡಿಯಲ್ಲಿ ಬೆಂಕಿ ಹಚ್ಚಲಾಗದು. ಅಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಆರಂಭವಾದ ‘ಸಿಲ್ಕ್ ಮಾರ್ಕ್’ ಚೀಟಿ ಇದೆಯೇ ಎಂದು ನೋಡಬಹುದು. ಹೊಳಪು ಕಣ್ಣಿಗೆ ಕಾಣುತ್ತದೆ. ಹಾಸಿನಲ್ಲಿ ಏನಿದೆ ಎಂಬುದನ್ನು ಮಾತ್ರ ಕೇಳಿಯೇ ತಿಳಿಯಬೇಕು.